ಅಪ್ಪನ ತೆರಿಗೆ, ಮಗಳ ಪಗಾರ

ಆ ಕಾರಂಜಿ ಯಾವ ಊರಿನದು ಎಂಬ ಬಗ್ಗೆ ನನಗೂ ನನ್ನ ಹೆಂಡತಿಗೂ ಇಂದಿಗೂ ಒಮ್ಮತವಿಲ್ಲ. ತೊಂಬತ್ತರ ದಶಕದಲ್ಲಿ ವಿಮಾ ಕಚೇರಿಯ ಕೆಲಸ ನನ್ನನ್ನು ಸೂರತ್, ವಡೋದರಾ, ಅಹಮದಾಬಾದ್ ಮೂರೂ ಕಡೆ ಕೂರಿಸಿ ಎಬ್ಬಿಸಿತು. ಚೌಕದ ನಡುವೆ ಕಾರಂಜಿ ಕಟ್ಟಿದರು, ನೀರು ಮೇಲೇರಲಿಲ್ಲ, ಒಡೆದರು, ಮತ್ತೆ ಕಟ್ಟಿದರು. ಇದನ್ನು ನಾನು ಬಹಳ ವರ್ಷ ವಡೋದರಾದ ಕಥೆಯಾಗಿ ಹೇಳುತ್ತ ಬಂದೆ. ಅದು ಸೂರತ್ತಿನದು ಎಂದು ಅವಳ ವಾದ. ಒಮ್ಮೆ ಕಟ್ಟಿದ್ದನ್ನು ಮಾತ್ರ ನಾವು ನೋಡಿದ್ದು, ಒಡೆದದ್ದನ್ನು ಯಾರೋ ಹೇಳಿದ್ದು ಎಂದೂ ಸೇರಿಸುತ್ತಾಳೆ. ಇರಬಹುದು. ಕಾರಂಜಿ ಎಲ್ಲಿಯದೇ ಆಗಲಿ, ಅದರ ಮೇಲೆ ನಾವು ಸಿಟ್ಟಾದ ಜಾಗ ಮಾತ್ರ ನನಗೆ ಖಚಿತವಾಗಿ ಗೊತ್ತು: ವಡೋದರಾ ಸ್ಟೇಷನ್ನಿಗೆ ಹತ್ತಿರದ ಒಂದು ಉಡುಪಿ ಹೋಟೆಲು, ಕಿಟಕಿ ಪಕ್ಕದ ಟೇಬಲ್ಲು, ಭಾನುವಾರದ ಬೆಳಗು.

ಹೋಟೆಲಿನ ಯಜಮಾನರು ಕುಂದಾಪುರದ ಕಡೆಯವರು. ಹದಿಹರೆಯದಲ್ಲಿ ಲೋಟ ತೊಳೆಯಲು ಬಂದು, ನಲವತ್ತರ ಹೊತ್ತಿಗೆ ಹೋಟೆಲನ್ನೂ ಅದರ ಕಟ್ಟಡವನ್ನೂ ತಮ್ಮದಾಗಿಸಿಕೊಂಡವರು. ನಾನಿದ್ದಾಗ ಅವರಿಗೆ ಐವತ್ತು ದಾಟಿತ್ತು. ಗುಜರಾತಿಗಳು ಅವರನ್ನು ಅಣ್ಣಾ ಎನ್ನುತ್ತಿದ್ದರು, ನಾವು ಯಜಮಾನ್ರೇ ಎನ್ನುತ್ತಿದ್ದೆವು. ನನ್ನ ಜೊತೆ ಪ್ರತಿ ಭಾನುವಾರ ಅಲ್ಲಿಗೆ ಬರುತ್ತಿದ್ದವನು ರೈಲ್ವೆ ಕಚೇರಿಯಲ್ಲಿದ್ದ ಹುಬ್ಬಳ್ಳಿಯ ಗೆಳೆಯ. ಮನೆಯವರು ತರಕಾರಿಗೆ ಹೋಗುತ್ತಿದ್ದರು. ನಾವಿಬ್ಬರೂ ದೋಸೆ ತಿಂದು ಕಾರ್ಪೊರೇಷನ್ನನ್ನು ಬೈಯುತ್ತಿದ್ದೆವು.

ಬೈಯಲು ವಿಷಯಗಳಿಗೆ ಬರವಿರಲಿಲ್ಲ. ಹೋಟೆಲಿನ ಮುಂದಿನ ಚರಂಡಿ ಪ್ರತಿ ಮಳೆಗೂ ಉಕ್ಕುತ್ತಿತ್ತು. ಊರ ನಡುವಿನ ನದಿಯಲ್ಲಿ ಮೊಸಳೆಗಳಿವೆ. ನೆರೆ ಬಂದಾಗ ಅವು ಬೀದಿಗೂ ಬರುವುದುಂಟು. "ನಮ್ಮ ಚರಂಡಿಗೆ ಒಂದು ಮೊಸಳೆ ಬಂದ್ರೆ ಒಳ್ಳೇದು ಮಾರಾಯ್ರೆ," ಎನ್ನುತ್ತಿದ್ದರು ಯಜಮಾನರು. "ಅದನ್ನು ಹಿಡಿಯಲಿಕ್ಕಾದ್ರೂ ಕಾರ್ಪೊರೇಷನ್ನಿನವರು ಚರಂಡಿ ಬಗ್ಗಿ ನೋಡ್ತಾರೆ. ಮತ್ತೆ ಮೊಸಳೆ ಸಾಕಿದ್ದಕ್ಕೆ ನನಗೇ ಟ್ಯಾಕ್ಸ್ ಹಾಕ್ತಾರೆ, ಅದು ಬೇರೆ."

ಆ ವರ್ಷ ಮನೆ, ಅಂಗಡಿಗಳ ಮೇಲಿನ ತೆರಿಗೆ ಏರಲಿದೆ ಎಂಬ ಸುದ್ದಿ ಬಂತು. ಕೇಂದ್ರದಲ್ಲಿ ಐದನೇ ವೇತನ ಆಯೋಗ ಜಾರಿಯಾಗಿತ್ತು. ರಾಜ್ಯದ ನೌಕರರು ಅದೇ ಕೇಳಿದರು, ಅವರ ಹಿಂದೆ ಕಾರ್ಪೊರೇಷನ್ನಿನವರು ಕೇಳಿದರು. ಅಷ್ಟೂ ಪಗಾರ ನಮ್ಮ ತೆರಿಗೆಯಿಂದಲೇ ಹೋಗುತ್ತದೆ ಎಂದು ಪತ್ರಿಕೆಗಳು ಬರೆದವು. ಹುಬ್ಬಳ್ಳಿಯ ಗೆಳೆಯ ಟೇಬಲ್ ಗುದ್ದಿದ.

"ನಮ್ಮ ರೊಕ್ಕ ರೀ ಅದು, ನಮ್ಮ ರೊಕ್ಕ! ಹತ್ತು ಮಂದಿ ಒಂದ್ ಕಸಬರಿಗಿ ಹಿಡಕೊಂಡು ನಿಂತಿರ್ತಾರ, ಅವರಿಗೆ ಕೊಡ್ತೀರಿ?"

ಯಜಮಾನರು ನಮ್ಮ ಟೇಬಲ್ಲಿಗೆ ಬಂದು ಕೂತರು. "ನಿಮ್ಮದು ಎಲ್ಲಿಂದ ಬಂತು? ನೀವು ರೈಲ್ವೆ ಕ್ವಾರ್ಟರ್ಸಿನಲ್ಲಿದ್ದೀರಿ. ಈ ಸಾಹೇಬರದ್ದು ಆಫೀಸಿನವರು ಹಿಡಿದುಕೊಟ್ಟ ಮನೆ. ಮನೆ ತೆರಿಗೆ ಬಿಲ್ಲು ಒಮ್ಮೆಯಾದರೂ ಕಂಡಿದ್ದೀರಾ?"

"ಕಂಡಿಲ್ಲ. ಸಿಟ್ಟ ಬರಾಕ ಬಿಲ್ ಯಾಕ ಬೇಕ್ರಿ?"

"ನಿಮಗೆ ಆ ಆಯೋಗದ ಬಾಕಿ ಪಗಾರ ಬಂತಲ್ಲ, ಆಗ ಸಿಟ್ಟು ಬರಲಿಲ್ವಾ?"

"ಅದು ಬ್ಯಾರೆ."

ಅದು ಹೇಗೆ ಬೇರೆ ಎಂದು ನಾವ್ಯಾರೂ ಕೇಳಲಿಲ್ಲ. ಗೆಳೆಯ ಆ ಬಾಕಿಯಲ್ಲಿ ಹೊಸ ಫ್ರಿಜ್ ಕೊಂಡಿದ್ದ. ನಾವೆಲ್ಲ ಅದರ ತಣ್ಣೀರು ಕುಡಿದು ಬಂದಿದ್ದೆವು. ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿದ ನನಗೆ ಯಾರು ಏನು ಹೇಳಿದರೂ ಆಧಾರವೇನು ಎಂದು ಕೇಳುವ ಚಟ. ಆದರೆ ಆ ಟೇಬಲ್ಲಿನಲ್ಲಿ ಆ ಚಟ ಹೆಚ್ಚು ಕೆಲಸ ಮಾಡುತ್ತಿರಲಿಲ್ಲ. ಒಂದು ಮಾತು ಹೇಳಿದ್ದೆನೆಂದು ನನ್ನ ನೆನಪು: ತೊಂಬತ್ತನಾಲ್ಕರ ಪ್ಲೇಗಿನ ಮರುವರ್ಷ ಸೂರತ್ ಹೇಗೆ ಸ್ವಚ್ಛವಾಯಿತು ನೋಡಿ, ಗುಡಿಸುವವರೂ ಅವರೇ, ಪಗಾರವೂ ಅದೇ, ಬದಲಾದದ್ದು ಅವರಿಂದ ಕೆಲಸ ತೆಗೆಯುವ ರೀತಿ, ಎಂದು. ಹೆಂಡತಿ ಇದನ್ನೂ ಒಪ್ಪುವುದಿಲ್ಲ. "ಆಗ ನೀವೂ ಅವರ ಜೊತೆ ಬೈತಿದ್ರಿ. ಈ ಸೂರತ್ ಮಾತು ಶುರುಮಾಡಿದ್ದು ಆಮೇಲೆ," ಎನ್ನುತ್ತಾಳೆ.

ಬಿಲ್ಲು ಕಂಡವರು ನಮ್ಮ ಪೈಕಿ ಯಜಮಾನರೊಬ್ಬರೇ. ಆ ಬೀದಿಯ ಅಂಗಡಿಯವರೆಲ್ಲ ಸೇರಿ ಸಭೆ ಮಾಡಿದ್ದು ಅವರ ಹೋಟೆಲಿನಲ್ಲೇ, ಮಧ್ಯಾಹ್ನ ಊಟದ ಗಲಾಟೆ ಮುಗಿದ ಮೇಲೆ. ಮುಂದಾಳು ಎದುರಿನ ಹಾರ್ಡ್‌ವೇರ್ ಅಂಗಡಿಯ ಮುದುಕರು, ಬೀದಿಗೆಲ್ಲ ಕಾಕಾ. ಬಜೆಟ್ ಒಪ್ಪಿಗೆಯಾಗುವ ಮೊದಲು ಕಾರ್ಪೊರೇಷನ್ನಿನ ಸಮಿತಿ ಊರಿನವರ ಅಹವಾಲು ಕೇಳುತ್ತದಂತೆ. ಅಲ್ಲಿ ಹೋಗಿ ಮೂರು ಮಾತು ಹೇಳುವುದೆಂದು ತೀರ್ಮಾನವಾಯಿತು. ಒಂದು, ಕಾರಂಜಿ ಥರದ ಶೋಕಿಗೆ ಹಣ ಸುರಿಯಬೇಡಿ. ಎರಡು, ಈ ಬೀದಿಯ ಚರಂಡಿ ಸರಿಮಾಡಿ. ಮೂರು, ನೌಕರರ ಪಗಾರ ಏರಿಸಬೇಡಿ, ಫಿಕ್ಸ್ ಪಗಾರದ ತಾತ್ಕಾಲಿಕ ನೌಕರರನ್ನು ಕಾಯಂ ಮಾಡಬೇಡಿ. ಮಾಡಿದರೆ ಈ ಬೀದಿಯಿಂದ ತೆರಿಗೆ ಬರುವುದಿಲ್ಲ.

ಮೊದಲೆರಡು ಮಾತಿಗೆ ಸಮಿತಿಯವರು ತಲೆ ಆಡಿಸಿ ಚಾ ಕುಡಿಸಿ ಕಳಿಸುತ್ತಾರೆ, ನಿಜವಾದ ಮಾತು ಮೂರನೆಯದು ಎಂದರು ಕಾಕಾ. ಅದನ್ನು ಹೇಳಲು ಯಜಮಾನರನ್ನೇ ಆರಿಸಿದರು. ಅಣ್ಣ ಯಾವ ಪಕ್ಷಕ್ಕೂ ಸೇರಿದವನಲ್ಲ, ಅವನ ಉಪ್ಪಿಟ್ಟು ತಿನ್ನದ ಕಾರ್ಪೊರೇಟರ್ ಈ ಊರಲ್ಲಿಲ್ಲ, ಅವನ ಮಾತನ್ನು ಯಾರೂ ನಡುವೆ ತಡೆಯುವುದಿಲ್ಲ, ಎಂಬ ಲೆಕ್ಕ. ಓದಿದವನೆಂದು ನನ್ನನ್ನು ಆ ಮೂರು ಮಾತುಗಳನ್ನು ಅವರಿಗೆ ಬಾಯಿಪಾಠ ಮಾಡಿಸಲು ಹಚ್ಚಿದರು.

ಯಜಮಾನರು ಒಪ್ಪಿದರು. ಒಪ್ಪುವಾಗ ಅವರ ಮುಖ ಹೇಗಿತ್ತೆಂದು ನೆನಪಿಸಿಕೊಳ್ಳಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಏಕೆಂದರೆ ಅವರ ಒಬ್ಬಳೇ ಮಗಳು ಕಾರ್ಪೊರೇಷನ್ನಿನ ಪ್ರಾಥಮಿಕ ಶಾಲೆಯಲ್ಲಿ ಫಿಕ್ಸ್ ಪಗಾರದ ಟೀಚರು.

ಅವಳು ಅಲ್ಲೇ ಹುಟ್ಟಿ ಬೆಳೆದವಳು. ಗುಜರಾತಿ ಮಾಧ್ಯಮದಲ್ಲಿ ಓದಿ, ಗುಜರಾತಿಯಲ್ಲೇ ಪಾಠ ಮಾಡುತ್ತಿದ್ದಳು. ಕನ್ನಡ ಮಾತಾಡುವಾಗ ಎಡವುತ್ತಿದ್ದಳು, ಎಡವಿದರೂ ನಿಲ್ಲುತ್ತಿರಲಿಲ್ಲ. ಹೆಸರಿಗೆ ಪಗಾರ, ಬಸ್ಸಿಗೂ ಸೀರೆಗೂ ಸರಿಹೋಗುವಷ್ಟು. ವರ್ಷಗಟ್ಟಲೆ ಹಾಗೆ ದುಡಿಸಿ ಆಮೇಲೆ ಕಾಯಂ ಮಾಡುವ ಪದ್ಧತಿ. ಅಪ್ಪ ಮಗಳ ನಡುವೆ ಒಂದು ಒಪ್ಪಂದವಿತ್ತು, ಅದು ಹೋಟೆಲಿಗೆ ಬರುವವರಿಗೆಲ್ಲ ಗೊತ್ತಿತ್ತು: ಈ ಸಲ ಕಾಯಂ ಆದರೆ ಅವಳು ಈ ಊರಿನಲ್ಲೇ ಇದ್ದು ತನ್ನ ಕೆಲಸ ಮಾಡಿಕೊಳ್ಳಬಹುದು, ಆಗದಿದ್ದರೆ ಕೆಲಸ ಬಿಟ್ಟು, ಅಪ್ಪ ನೋಡಿಟ್ಟ ಬೆಳಗಾವಿಯ ಹೋಟೆಲಿನವರ ಮನೆಗೆ ಸೊಸೆಯಾಗಿ ಹೋಗಬೇಕು. ಬೆಳಗಾವಿಯವರು ಒಳ್ಳೆಯ ಜನವೇ. ಆದರೆ ಸೊಸೆ ಗಲ್ಲಾದ ಮೇಲೆ ಕೂರಬೇಕೆಂದು ಅವರ ಇಷ್ಟ. ಇವಳಿಗೆ ಮಕ್ಕಳ ಎದುರು ನಿಲ್ಲಬೇಕೆಂದು.

ಭಾನುವಾರ ಅವಳು ಅಪ್ಪನ ಗಲ್ಲಾ ನೋಡಿಕೊಳ್ಳುತ್ತಿದ್ದಳು. ನಾನು ಯಜಮಾನರಿಗೆ ಮೂರನೆಯ ಮಾತನ್ನು ಎರಡನೆಯ ಸಲ ಹೇಳಿಕೊಡುತ್ತಿದ್ದಾಗ ಗಲ್ಲಾ ಬಿಟ್ಟು ಬಂದು ನಮ್ಮ ಟೇಬಲ್ ಪಕ್ಕ ನಿಂತಳು.

"ಪಪ್ಪಾ, ಈ ಮೂರನೇ ಪಾಯಿಂಟಲ್ಲಿ ನಾನು ಬರ್ತೇನೆ. ಖಬರ್ ಛೇ ನೇ?"

"ಗೊತ್ತುಂಟು. ಅದು ನಿನ್ನೊಬ್ಬಳ ಬಗ್ಗೆ ಅಲ್ಲ ಮಗಾ. ಎಷ್ಟು ಜನ ಇದ್ದಾರೆ, ಕೆಲಸ ಮಾಡದವರೂ ಇದ್ದಾರೆ. ಎಲ್ಲರಿಗೂ ಕೊಡ್ತಾ ಹೋದ್ರೆ ನಾನು ದೋಸೆಗೆ ಎಂತ ರೇಟು ಇಡಬೇಕು?"

"ಕೆಲಸ ಮಾಡದವರನ್ನು ತೆಗೀರಿ. ನನ್ನ ಶಾಲೆಗೆ ಬಂದು ನೋಡಿದ್ದೀರಾ? ಒಂದು ರೂಮು, ಎರಡು ಕ್ಲಾಸು. ಇನ್ನೊಂದು ಟೀಚರ್ ಬೆನ್ ರಜೆ ಹಾಕಿದ್ರೆ ಮೂರು."

"ಇನ್ನೂ ಸ್ವಲ್ಪ ಕಾಯಬೇಕು. ನಮ್ಮ ಕೆಲಸದವರು ಕಾಯುವುದಿಲ್ವಾ? ಒಬ್ಬ ತುಟಿ ಬಿಚ್ಚಿದ್ದುಂಟಾ?"

ಇಲ್ಲಿ ಒಂದು ವಿವರ ಹೇಳಬೇಕು. ಆ ಹೋಟೆಲಿನ ಅಡುಗೆಯವರು, ಸಪ್ಲೈಯರುಗಳು ಎಲ್ಲ ಯಜಮಾನರ ಊರಿನ ಆಸುಪಾಸಿನವರು. ಊಟ, ಮಲಗಲು ಮಹಡಿಯ ಮೇಲಿನ ಹಾಲ್, ಬೀಡಿ ಸಿನಿಮಾಕ್ಕೆ ಚಿಲ್ಲರೆ, ಇಷ್ಟು ದಿನದಿನದ್ದು. ಪಗಾರ ಯಜಮಾನರ ಬಳಿಯೇ ಇರುತ್ತಿತ್ತು. ವರ್ಷಕ್ಕೊಮ್ಮೆ ಊರಿಗೆ ಹೊರಟಾಗ ಲೆಕ್ಕ ಮಾಡಿ, ಒಂದು ಸೀರೆಯನ್ನೋ ಶರ್ಟಿನ ಬಟ್ಟೆಯನ್ನೋ ಮೇಲಿಟ್ಟು, ಎರಡೂ ಕೈಯಲ್ಲಿ ಕೊಡುತ್ತಿದ್ದರು. ಅವರು ಕೈ ಮುಗಿದು ತೆಗೆದುಕೊಳ್ಳುತ್ತಿದ್ದರು. ಯಜಮಾನರು ಯಾರಿಗೂ ಮೋಸ ಮಾಡಿದ್ದನ್ನು ನಾನು ಕೇಳಿಲ್ಲ. ತಾವೂ ಹಾಗೆಯೇ ಪಗಾರ ಪಡೆದು ಬೆಳೆದವರು. ಕಾದವನಿಗೆ ಕೊಡುವವನು ಕೊಡುತ್ತಾನೆ ಎಂಬುದು ಅವರಿಗೆ ನ್ಯಾಯವೇ ಆಗಿತ್ತು.

ಮಗಳು ಹೇಳಿದಳು: "ಅವರು ಕಾಯ್ತಾರೆ, ಯಾಕಂದ್ರೆ ಅವರ ಪಗಾರ್ ನಿಮ್ಮ ಹತ್ರ ಇದೆ. ನೀವು ಕೊಟ್ಟಾಗ ಅದು ಪ್ರಸಾದ. ನನಗೆ ಪ್ರಸಾದ ಬೇಡ ಪಪ್ಪಾ. ಪಗಾರ್ ಬೇಕು."

ಹೀಗೇ ಹೇಳಿದಳೇ? ಈ ಮಾತು ತೀರ ಚೆನ್ನಾಗಿದೆ, ಅದಕ್ಕೇ ನನಗೆ ಅನುಮಾನ. ಚೆನ್ನಾಗಿರುವ ಮಾತುಗಳನ್ನು ನಾವು ವರ್ಷಗಳು ಕಳೆದಂತೆ ಉಜ್ಜಿ ಹೊಳಪಿಸುತ್ತೇವೆ. ಅವಳ ಕನ್ನಡಕ್ಕೆ ಪ್ರಸಾದ ಎಂಬ ಚುಚ್ಚು ಅಷ್ಟು ಬೇಗ ಒದಗಿತೇ, ಅಥವಾ ಅವಳು ಬೇರೆ ಏನೋ ಹೇಳಿದ್ದಕ್ಕೆ ನಾನು ಈ ಬಟ್ಟೆ ತೊಡಿಸಿದೆನೇ, ತಿಳಿಯದು. ಆಮೇಲಾದದ್ದು ಮಾತ್ರ ಸ್ಪಷ್ಟ. ಯಜಮಾನರು ಎದ್ದು ಅಡುಗೆಮನೆಗೆ ಹೋದರು. ಚಟ್ನಿಗೆ ಹುಣಿಸೆ ಹೆಚ್ಚಾಯಿತೆಂದು ಯಾರನ್ನೋ ಬೈಯುವುದು ಕೇಳಿಸಿತು. ಹುಬ್ಬಳ್ಳಿಯ ಗೆಳೆಯ ನನ್ನ ಕಡೆ ಬಾಗಿ, "ಚಟ್ನಿ ಛಲೋನ ಐತಲ್ರೀ," ಎಂದ.

ಅಹವಾಲಿನ ದಿನ ಯಜಮಾನರು ಸಫಾರಿ ಸೂಟು ಹಾಕಿದ್ದರು. ಸಭಾಂಗಣದಲ್ಲಿ ಫ್ಯಾನುಗಳ ಸದ್ದು. ಉದ್ದ ಮೇಜಿನಾಚೆ ಸಮಿತಿಯವರು ತಟ್ಟೆಗೆ ಚಾ ಸುರಿದುಕೊಂಡು ಕುಡಿಯುತ್ತಿದ್ದರು. ಯಜಮಾನರ ಒಂದು ಬದಿಗೆ ಕಾಕಾ, ಇನ್ನೊಂದು ಬದಿಗೆ ನಾನು. ಗೆಳೆಯ ಫ್ಯಾನಿನ ಕೆಳಗಿನ ಹಿಂದಿನ ಸಾಲಿನಲ್ಲಿ. ನಾವಿಬ್ಬರೂ ಆ ಊರಿಗೆ ಒಂದು ಪೈಸೆ ಮನೆ ತೆರಿಗೆ ಕಟ್ಟದೆ ನಾಗರಿಕರ ನಿಯೋಗದಲ್ಲಿ ಕೂತಿದ್ದೆವು.

ಯಜಮಾನರ ಗುಜರಾತಿಗೆ ಕುಂದಾಪುರದ ರಾಗವಿತ್ತು. ಮೊದಲನೆಯ ಮಾತು ಹೇಳಿದರು. "ನನ್ನ ಹೋಟೆಲಿನಲ್ಲಿ ಗಿರಾಕಿಗೆ ಮೊದಲು ನೀರು ಕೊಡ್ತೇವೆ, ಆಮೇಲೆ ಹೂದಾನಿ ಇಡ್ತೇವೆ. ನೀವು ಮೊದಲು ಹೂದಾನಿ ಇಡ್ತೀರಿ." ಸಮಿತಿಯವರು ನಕ್ಕರು. ಎರಡನೆಯ ಮಾತು ಚರಂಡಿಯದು. "ಮಳೆಗಾಲದಲ್ಲಿ ನನ್ನ ಗಿರಾಕಿಗಳು ಕಾಲು ಮೇಲೆತ್ತಿ ಕೂತು ಇಡ್ಲಿ ತಿಂತಾರೆ. ಎಲ್ಲರೂ ಋಷಿಗಳ ಹಾಗೆ ಕಾಣ್ತಾರೆ. ನನ್ನದು ಹೋಟೆಲೋ ಆಶ್ರಮವೋ?" ಈ ಸಲ ಅಧ್ಯಕ್ಷರ ತಟ್ಟೆಯ ಚಾ ಚೆಲ್ಲಿತು. ಕಾಕಾ ಸಂತೋಷದಿಂದ ನನ್ನ ಕಡೆ ನೋಡಿದರು. ಇನ್ನೇನು, ಮೂರನೆಯದು.

ಯಜಮಾನರು ಎದುರಿದ್ದ ಲೋಟದ ನೀರು ಕುಡಿದರು. ಪೂರ್ತಿ ಕುಡಿದರು.

"ಇನ್ನೇನಾದರೂ ಉಂಟೇ ಅಣ್ಣಾ?" ಎಂದು ಅಧ್ಯಕ್ಷರು ಕೇಳಿದರು.

"ಇಲ್ಲ. ಇಷ್ಟೇ. ಮಳೆಗೆ ಮೊದಲು ಮಾಡಿಕೊಡಿ," ಎಂದು ಕೂತುಬಿಟ್ಟರು.

ಕಾಕಾ ಏಳುವಷ್ಟರಲ್ಲಿ ಜವಾನ ಬೇರೆ ಬೀದಿಯವರನ್ನು ಕರೆದಾಗಿತ್ತು. ಹೊರಗಿನ ಮೆಟ್ಟಿಲ ಮೇಲೆ ಕಾಕಾ ಯಜಮಾನರ ತೋಳು ಹಿಡಿದರು. "ಮಾತು ಮೂರಿತ್ತು."

"ಮರೆತುಹೋಯ್ತು ಕಾಕಾ."

"ಇಡೀ ಹೋಟೆಲಿನ ಆರ್ಡರು ತಲೆಯಲ್ಲಿಟ್ಟುಕೊಳ್ಳುವವನು ಮೂರು ಮಾತು ಮರೆಯುತ್ತಾನಾ? ಮಗಳ ಪಗಾರ ನೆನಪಾಯ್ತು ಅನ್ನು!"

ಯಜಮಾನರು ತೋಳು ಬಿಡಿಸಿಕೊಂಡು ನಮ್ಮ ಜೊತೆ ರಿಕ್ಷಾ ಹತ್ತಿದರು.

ಗೆಳೆಯ ಆಮೇಲೆ ಬೇರೆಯೇ ಹೇಳಿದ. ಯಜಮಾನರು ಮೂರನೆಯದನ್ನೂ ಹೇಳಿದರು, ಸಣ್ಣ ದನಿಯಲ್ಲಿ ಹೇಳಿದರು, ಫ್ಯಾನಿನ ಸದ್ದಿನಲ್ಲಿ ನಮಗೆ ಕೇಳಿಸಲಿಲ್ಲ, ಎಂದು. ಅವನು ಎಷ್ಟು ಸಲ ಹೀಗೆ ಹೇಳಿದನೆಂದರೆ, ಪಕ್ಕದಲ್ಲೇ ಕೂತಿದ್ದ ನನಗೂ ಒಮ್ಮೊಮ್ಮೆ ಅಂಥ ಒಂದು ಸಣ್ಣ ದನಿ ಕೇಳಿಸಿದಂತಾಗುತ್ತದೆ. ಆಗ ನಾನು ಕಾಕಾನ ಸಿಟ್ಟಿಗೆ ಮರಳುತ್ತೇನೆ. ಹೇಳಿದ ಮಾತಿಗೆ ಯಾರೂ ಹಾಗೆ ಸಿಟ್ಟಾಗುವುದಿಲ್ಲ. ನನ್ನ ನೆನಪಿಗಿಂತ ಆ ಸಿಟ್ಟನ್ನು ನಾನು ಹೆಚ್ಚು ನಂಬುತ್ತೇನೆ.

ಮರುದಿನದಿಂದ ಬೀದಿಯ ಅಂಗಡಿಯವರು ಹೋಟೆಲಿಗೆ ಬರುವುದು ನಿಂತಿತು. ಸಂಜೆ ನಾಲ್ಕರ ಚಾಕ್ಕೆ ಎದುರಿನ ಕೈಗಾಡಿಯ ಸುತ್ತ ನಿಲ್ಲುತ್ತಿದ್ದರು, ಯಜಮಾನರಿಗೆ ಕಾಣುವ ಹಾಗೆ. ಸ್ಟೇಷನ್ನಿನ ಗಿರಾಕಿಗಳಿದ್ದುದರಿಂದ ವ್ಯಾಪಾರಕ್ಕೆ ದೊಡ್ಡ ಪೆಟ್ಟೇನಲ್ಲ. ಆದರೆ ಮೂವತ್ತು ವರ್ಷ ಆ ಬೀದಿಯವರಾಗಿದ್ದ ಮನುಷ್ಯ ಒಂದು ವಾರದಲ್ಲಿ ಮತ್ತೆ ಪರವೂರಿನವರಾದರು.

ಮುಂದಿನ ಭಾನುವಾರ ಮಗಳು ಗಲ್ಲಾದಲ್ಲಿದ್ದಳು, ಅಪ್ಪನ ಕಡೆ ನೋಡುತ್ತಿರಲಿಲ್ಲ. ಚಿಲ್ಲರೆ ಬೇಕಾದರೂ ಸಪ್ಲೈಯರನ ಮೂಲಕ ಕೇಳಿಸುತ್ತಿದ್ದಳು. ನನಗೆ ಅರ್ಥವಾಗಲಿಲ್ಲ. ಯಜಮಾನರನ್ನು ಹೊರಗೆ ಕರೆದುಕೊಂಡು ಹೋಗಿ ಕೇಳಿದೆ.

"ಮೂರೂ ಹೇಳಿ ಬಂದೆ ಅಂದೆ ಅವಳಿಗೆ," ಎಂದರು.

"ಸುಳ್ಳು ಯಾಕೆ ಹೇಳಿದ್ರಿ? ನೀವು ಹೇಳಲೇ ಇಲ್ಲವಲ್ಲ."

"ಹೇಳಲಿಲ್ಲ ಅಂದ್ರೆ, ನಾಳೆ ಕಾಯಂ ಆದಾಗ ಅದು ನಾನು ಕೊಟ್ಟ ಹಾಗೆ ಆಗ್ತದೆ ಮಾರಾಯ್ರೆ. ಅವಳಿಗೆ ಅದೇ ಬೇಡ ಅಂತಲ್ವಾ? ನನ್ನನ್ನು ದಾಟಿ ಸಿಕ್ಕಿತು ಅಂತ ಇರಲಿ."

ಪ್ರಸಾದದ ಮಾತನ್ನೋ ಅಂಥ ಇನ್ನೊಂದನ್ನೋ ಅವಳು ನಿಜವಾಗಿ ಆಡಿದ್ದಳು ಎಂಬುದಕ್ಕೆ ನನ್ನಲ್ಲಿರುವ ಆಧಾರ ಇದೊಂದೇ.

ಬಜೆಟ್ ಒಪ್ಪಿಗೆಯಾಯಿತು. ತೆರಿಗೆ ಏರಿತು, ಪಗಾರವೂ ಏರಿತು. ಚರಂಡಿಗೆ ಯಾರೋ ಬಂದು ಸುಣ್ಣದ ಗೆರೆ ಎಳೆದು ಹೋದರು. ನಮ್ಮ ನಿಯೋಗದಿಂದ ಇದ್ಯಾವುದೂ ಆದದ್ದಲ್ಲ, ತಪ್ಪಿದ್ದೂ ಅಲ್ಲ. ನಾವು ಆ ಸಭಾಂಗಣದಲ್ಲಿ ಕೂರುವ ಮೊದಲೇ ಎಲ್ಲ ತೀರ್ಮಾನವಾಗಿತ್ತು ಎಂದು ಈಗ ಅನ್ನಿಸುತ್ತದೆ. ಮೂರನೆಯ ಮಾತನ್ನು ಯಜಮಾನರು ಕೂಗಿ ಹೇಳಿದ್ದರೂ ಫ್ಯಾನಿನ ಗಾಳಿಗೆ ಹೋಗುತ್ತಿತ್ತು. ಕಾಕಾ ಮತ್ತು ಉಳಿದವರು ಕೆಲವು ತಿಂಗಳು ತೆರಿಗೆ ಕಟ್ಟಲಿಲ್ಲ. ನೀರಿನ ಕನೆಕ್ಷನ್ ತೆಗೆಯುತ್ತೇವೆಂದು ಬಂದಾಗ ಕಟ್ಟಿದರು. ಯಜಮಾನರು ಮೊದಲೇ ಕಟ್ಟಿದ್ದರು, ಕಟ್ಟುವಾಗ ಕೌಂಟರಿನವನನ್ನು ಚೆನ್ನಾಗಿ ಬೈದಿದ್ದರು. ಮಳೆ ಶುರುವಾದ ಮೇಲೆ ಮಗಳು ಕಾಯಂ ಆದಳು. ಅಷ್ಟರಲ್ಲಿ ಬೆಳಗಾವಿಯವರು ಬೇರೆ ಕಡೆ ಸಂಬಂಧ ಮಾಡಿಕೊಂಡಿದ್ದರು. ಮಳೆ ಜೋರಾದಾಗ ಕೈಗಾಡಿಯ ಬಳಿ ನಿಲ್ಲಲಾರದೆ ಕಾಕಾ ಹೋಟೆಲಿನೊಳಗೆ ಬಂದು, ಕಾಲು ಮೇಲೆತ್ತಿ ಕೂತು, ಚಾ ಕೇಳಿದರಂತೆ.

ನನಗೆ ಅಹಮದಾಬಾದಿಗೆ ವರ್ಗವಾಯಿತು. ಅಲ್ಲಿ ಸಾಲ ಮಾಡಿ ಸಣ್ಣ ಫ್ಲ್ಯಾಟ್ ಕೊಂಡೆ. ಜೀವನದಲ್ಲಿ ಮೊದಲ ಸಲ ನನ್ನ ಹೆಸರಿನಲ್ಲಿ ಮನೆ ತೆರಿಗೆ ಬಂತು. ಆ ದಿನ ನಾನು ರಸ್ತೆಯ ಪ್ರತಿ ಗುಂಡಿಯನ್ನೂ, ನೆರಳಲ್ಲಿ ಕೂತ ಪ್ರತಿ ಕಾರ್ಪೊರೇಷನ್ ನೌಕರನನ್ನೂ ಲೆಕ್ಕಪರಿಶೋಧಕನ ಕಣ್ಣಿನಿಂದ ನೋಡುತ್ತ ಹೋದೆ. ಸಿಟ್ಟಿಗೆ ಬಿಲ್ಲು ಬೇಕಿಲ್ಲ ಎಂದಿದ್ದ ಗೆಳೆಯನ ಮಾತು ಅರ್ಧ ಸರಿ. ಬಿಲ್ಲು ಬಂದ ಮೇಲಿನ ಸಿಟ್ಟಿಗೆ ತೂಕ ಬೇರೆ, ಅದನ್ನು ನಾನು ಈಗಲೂ ಸುಳ್ಳೆನ್ನಲಾರೆ. ನಾನು ಕೊಟ್ಟದ್ದು ಎಲ್ಲಿಗೆ ಹೋಯಿತೆಂದು ಕೇಳುವ ಹಕ್ಕು ನನಗಿದೆ. ಕೇಳುವಾಗ ಬೆರಳು ಯಾವಾಗಲೂ ಯಾರ ಪಗಾರದ ಕಡೆ ಮೊದಲು ಹೋಗುತ್ತದೆ ಎಂಬುದು ಮಾತ್ರ ನನ್ನನ್ನು ಕಾಡುತ್ತದೆ.

ದಶಕ ಮುಗಿದು ಎರಡು ಮೂರು ವರ್ಷವಾದ ಮೇಲೆ ಒಂದು ಬೆಳಗ್ಗೆ ವಡೋದರಾದಿಂದ ಹಿಂದಿರುಗುವ ರೈಲಿನಲ್ಲಿ ಯಜಮಾನರ ಮಗಳು ಸಿಕ್ಕಳು. ಶಿಕ್ಷಕರ ತರಬೇತಿಗೆ ಅಹಮದಾಬಾದಿಗೆ ಹೊರಟಿದ್ದಳು. ದಿನಾ ಓಡಾಡುವವರು ಇಸ್ಪೀಟಿಗೆ ಕೂತಿದ್ದ ಬೆಂಚಿನ ತುದಿಯಲ್ಲಿ ನಮಗಿಬ್ಬರಿಗೂ ಜಾಗ ಸಿಕ್ಕಿತು. ಅಪ್ಪ ಚೆನ್ನಾಗಿದ್ದಾರೆ, ಮಂಡಿನೋವು, ಈಗ ಕೆಲಸದವರಿಗೆ ತಿಂಗಳು ತಿಂಗಳು ಪಗಾರ ಕೊಡುತ್ತಾರೆ, ಹೊಸಬರು ಕೇಳಿ ತೆಗೆದುಕೊಳ್ಳುತ್ತಾರೆ, ಅದಕ್ಕೂ ತನ್ನನ್ನೇ ಬೈಯುತ್ತಾರೆ, ಎಂದಳು. ನಾನು ತಡೆಯಲಾರದೆ ಅಹವಾಲಿನ ದಿನದ ಮಾತೆತ್ತಿದೆ. ನಿಜ ಹೇಳಿಬಿಡಬೇಕೆಂದು ನನ್ನ ನಾಲಗೆ ತುರಿಸುತ್ತಿತ್ತು.

ಅವಳೇ ನಕ್ಕಳು. "ಪಪ್ಪಾ ಮೂರನೇದು ಹೇಳಲಿಲ್ಲ ಅಂತ ನನಗೆ ಗೊತ್ತು, ಅಂಕಲ್."

"ಯಾರು ಹೇಳಿದ್ರು?"

"ಯಾರೂ ಇಲ್ಲ. ಆ ಭಾನುವಾರ ಗಲ್ಲಾದಲ್ಲಿ ಕೂತಿದ್ದೆ. ಮೂರೂ ಹೇಳಿದ್ರೆ ಕಾಕಾ ಖುಷ್ ಆಗಬೇಕು, ಹೌದಲ್ವಾ? ಒಳಗೆ ಬಂದು ಎರಡು ಚಾ ಕುಡೀಬೇಕು. ಅವರು ಎದುರು ಕೈಗಾಡಿ ಹತ್ರ ನಿಂತು ಪಪ್ಪಾನನ್ನು ಕಣ್ಣು ಬಿಟ್ಟು ಘೂರ್ತಾ ಇದ್ರು. ಆಗ ಸಮಜ್ ಬಂತು."

"ಆದರೆ ಆ ದಿನ ನೀನು ಅಪ್ಪನ ಜೊತೆ ಮಾತೇ ಆಡಲಿಲ್ಲವಲ್ಲ!"

"ಮಾತಾಡಿದ್ರೆ ಅವರಿಗೆ ಗೊತ್ತಾಗ್ತಿತ್ತು, ನನಗೆ ಗೊತ್ತಾಗಿದೆ ಅಂತ. ಪಾಪ, ಅಷ್ಟು ಕಷ್ಟಪಟ್ಟು ಸುಳ್ಳು ಹೇಳಿದ್ರು. ಅದಕ್ಕೆ ಇನ್ನೂ ಸ್ವಲ್ಪ ದಿನ ಸಿಟ್ಟು ಇಟ್ಟುಕೊಂಡೆ."

ನಾನು ಆ ಭಾನುವಾರವನ್ನು ಮತ್ತೆ ನೆನಪಿಗೆ ತಂದುಕೊಂಡೆ. ಗಲ್ಲಾದಲ್ಲಿ ಬಿಗಿದ ಮುಖದ ಹುಡುಗಿ, ಅವಳ ಕಡೆ ನೋಡದೆ ಟೇಬಲ್ಲು ಒರೆಸುತ್ತಿದ್ದ ಅಪ್ಪ. ನೋಡಿದ್ದೆಲ್ಲ ಸರಿಯಾಗಿಯೇ ಇತ್ತು. ನಾನು ಅದನ್ನು ಜಗಳ ಎಂದುಕೊಂಡಿದ್ದೆ.

"ಈಗಲಾದರೂ ಹೇಳಿದ್ದೀಯಾ ಅವರಿಗೆ?"

"ಹೇಗೆ ಹೇಳೋದು ಅಂಕಲ್? ವರ್ಷಾ ವರ್ಷಾ ಟ್ಯಾಕ್ಸ್ ಬಿಲ್ ಬಂದ ದಿನ ಅದನ್ನು ಹಿಡ್ಕೊಂಡು ನನ್ನ ರೂಮಿಗೆ ಬರ್ತಾರೆ. 'ನಿನ್ನ ಕಾರ್ಪೊರೇಷನ್, ನಿನ್ನ ಪಗಾರ' ಅಂತ ಶುರುಮಾಡ್ತಾರೆ. ಒಂದು ಗಂಟೆ ಬೈತಾರೆ. ನಾನೂ ಬಿಡಲ್ಲ." ಇಸ್ಪೀಟಿನವರು ಜಾಗ ಕೇಳಿದ್ದಕ್ಕೆ ಅವಳು ಕಾಲು ಸರಿಸಿಕೊಂಡಳು. "ಹೇಳಿಬಿಟ್ರೆ ಆಮೇಲೆ ಅವರು ಯಾರ ಹತ್ರ ಜಗಳ ಮಾಡ್ತಾರೆ?"